ಮೂರು ಕಡೆ ತಾಗಿದ ಕಲ್ಲು

"ಕೈ ತೆಗೀರಿ! ಮೊದಲು ನನ್ನ ಟ್ಯಾಂಕಿನಿಂದ ಕೈ ತೆಗೀರಿ!"

ಬಾಗಿಲಲ್ಲೇ ಕಿರುಚಿದಳು ಡಿಂಪಲ್. ಹೆಗಲಿನ ಚೀಲ ಜಾರಿ ನೆಲಕ್ಕೆ ಬಿತ್ತು.

ಮಣಿಪಾಲದ ಆ ಮಕ್ಕಳ ಹಲ್ಲಿನ ಕ್ಲಿನಿಕ್ ಮರುದಿನ ಬೆಳಿಗ್ಗೆ ಹತ್ತಕ್ಕೆ ತೆರೆಯಬೇಕಿತ್ತು. ಅಳುವ ಮಕ್ಕಳು ನೋಡಿ ನಗಲಿ ಎಂದು ಡಾಕ್ಟರ್ ಒಲಿಂಡಾ ಮಾಡಿಸಿದ ಉಪ್ಪುನೀರಿನ ಅಕ್ವೇರಿಯಂ ಅದು. ಉಡುಪಿಯ ಅಕ್ವೇರಿಯಂ ಅಂಗಡಿಯ ಕೆಲಸ ಬಿಟ್ಟು ಡಿಂಪಲ್ ಸ್ವಂತ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ. ಇದು ಕೆಟ್ಟರೆ... ಮತ್ತೆ ಅದೇ ಅಂಗಡಿ!

ನೋಡಿದರೆ, ಯಾರೋ ಒಬ್ಬ ಭುಜದವರೆಗೆ ತೋಳು ಮುಳುಗಿಸಿ ನಿಂತಿದ್ದಾನೆ. ಅವಳು ಕಟ್ಟಿದ್ದ ಕಲ್ಲಿನ ಕಮಾನು ಮಾಯ! ಕಲ್ಲುಗಳೆಲ್ಲ ಎರಡು ಬಕೆಟ್‌ಗಳಲ್ಲಿ.

"ನಾನು ಲೆಸ್ಟರ್... ಕಾರ್ಕಳದಿಂದ. ಕೌಂಟರಿಗೆ ಗ್ರಾನೈಟ್ ಕೂರಿಸಲಿಕ್ಕೆ ಬಂದದ್ದು."

"ಹಾಗಾದರೆ ಕೌಂಟರ್ ಕೂರಿಸಿ ಮಾರಾಯ್ರೇ! ನನ್ನ ನಾಲ್ಕು ದಿನದ ಕೆಲಸ ಎಂತಕ್ಕೆ ಕೆಡವಿದ್ದು?"

"ಅದು... ಮೀನು ಅಡಿಯಲ್ಲಿ..."

"ಮೀನಿನ ವಿಷಯ ನನಗೆ ಹೇಳಿಕೊಡುತ್ತೀರಾ? ಕಾಪುವಿನ ಹುಡುಗಿ ನಾನು, ಕಡಲ ಮರಳಿನಲ್ಲೇ ಬೆಳೆದವಳು. ಹೋಗಿ ಹೊರಗೆ!"

ಅವನು ಒದ್ದೆ ತೋಳನ್ನು ಅಂಗಿಗೆ ಒರೆಸಿಕೊಂಡು ಹೊರಗೆ ಹೋದ. ಅವನ ಬೆರಳಿನಿಂದ ರಕ್ತ ಜಿನುಗುತ್ತಿದ್ದುದನ್ನು ಡಿಂಪಲ್ ಕಂಡಳು. ಕಂಡೂ ಕಾಣದ ಹಾಗೆ ಮುಖ ತಿರುಗಿಸಿದಳು.

ಸಿಟ್ಟಿನಲ್ಲೇ ಮತ್ತೆ ಕಟ್ಟತೊಡಗಿದಳು. ಮೊದಲಿನ ಹಾಗೆಯೇ, ಬಿಳಿ ಮರಳಿನ ಮೇಲೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣದು, ತುದಿಯಲ್ಲಿ ಕಮಾನು. ಒಂದು ವಿಚಾರ ಮಾತ್ರ ಮನಸ್ಸನ್ನು ಚುಚ್ಚುತ್ತಿತ್ತು. ಬಕೆಟ್‌ಗಳಲ್ಲಿ ಅವನು ನಲ್ಲಿ ನೀರು ತುಂಬಿರಲಿಲ್ಲ. ಕಲ್ಲಿಗಂಟಿದ ಜೀವಗಳು ಸಾಯದಿರಲೆಂದು ಟ್ಯಾಂಕಿನದೇ ಉಪ್ಪುನೀರನ್ನು ಮೊಗೆದು ಹಾಕಿದ್ದ. ಕೆಡಿಸಲು ಬಂದವನು ಇಷ್ಟು ಜಾಗ್ರತೆ ಮಾಡುತ್ತಾನಾ?

ಕಮಾನು ಮುಗಿಸಿ ಕೈ ಹೊರಗೆ ತೆಗೆಯುವಷ್ಟರಲ್ಲಿ, ಅಡಿಯಲ್ಲಿದ್ದ ಪುಟ್ಟ ಗೋಬಿ ಮೀನು ಬಾಯಿತುಂಬ ಮರಳು ತುಂಬಿಕೊಂಡು ಆಚೆ ಉಗಿಯಿತು. ಮತ್ತೊಂದು ಬಾಯಿ. ಮತ್ತೊಂದು... ಗೂಡು ತೋಡುತ್ತಿತ್ತು, ದೊಡ್ಡ ಕಲ್ಲಿನ ಕೆಳಗೇ!

ಕಲ್ಲು ವಾಲಿತು!

"ಸಾಯ್ಬಾ, ದೇವರೇ!" ಎಂದು ಎರಡೂ ತೋಳು ಮುಳುಗಿಸಿ ತಡೆದಳು. ಕಲ್ಲಿಗೂ ಗಾಜಿಗೂ ನಡುವೆ ಅವಳ ಅಂಗೈ ಮಾತ್ರ. ಬಿಟ್ಟರೆ ಗಾಜು ಒಡೆದು, ಮುನ್ನೂರು ಲೀಟರ್ ನೀರು ನೆಲಕ್ಕೆ! ಫೋನು ಚೀಲದಲ್ಲಿ, ಚೀಲ ಬಾಗಿಲಲ್ಲಿ.

ಆಗ ಅರ್ಥವಾಯಿತು. ಅವನು ನಿಂತದ್ದೂ ಹೀಗೇ... ಇಲ್ಲೇ! ಕಲ್ಲು ವಾಲಿದ್ದಕ್ಕೇ ಅವನು ಕಮಾನು ಬಿಚ್ಚಿದ್ದು!

"ಯಾರಾದರೂ ಇದ್ದೀರಾ? ಲೆಸ್ಟರ್!"

ಮೆಟ್ಟಿಲಲ್ಲಿ ಕುಳಿತಿದ್ದವನು ಒಂದೇ ನೆಗೆತಕ್ಕೆ ಒಳಗೆ ಬಂದ. "ಬಿಡಬೇಡಿ! ಬಂದೆ!"

ನೀರೊಳಗೆ ಅವನ ಕೈ ಅವಳ ಕೈಯ ಪಕ್ಕಕ್ಕೆ ಬಂತು. ಡಿಂಪಲ್‌ಳ ಎದೆ ಡವಡವ... ಕಲ್ಲಿನ ಭಯಕ್ಕೋ, ಬೇರೆ ಯಾವುದಕ್ಕೋ!

ಕಲ್ಲು ಹೊರಬಂದ ಮೇಲೆ ಅವಳು ತಲೆ ತಗ್ಗಿಸಿದಳು. "ನಾನು ನಿಮಗೆ ಮಾತಾಡಲಿಕ್ಕೇ ಬಿಡಲಿಲ್ಲ..."

"ಬೈಗುಳ ಚೆನ್ನಾಗಿತ್ತು. ನಮ್ಮ ಅಮ್ಮನ ಹಾಗೆಯೇ!" ಲೆಸ್ಟರ್ ನಕ್ಕ. "ನಿಮ್ಮ ಕಾಪುವಿನ ದೀಪಸ್ತಂಭ ಎಂತದರ ಮೇಲೆ ನಿಂತದ್ದು? ಮರಳಿನ ಮೇಲಾ?"

"ಬಂಡೆಯ ಮೇಲೆ..." ಎಂದವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂತು. ಹುಟ್ಟಿದಾಗಿನಿಂದ ನೋಡಿದ್ದಾಳಲ್ಲ!

ಇಬ್ಬರೂ ಮರಳನ್ನು ಬದಿಗೆ ಸರಿಸಿದರು. ತಳದ ಗಾಜಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ದೊಡ್ಡ ಕಲ್ಲು ಕೂರಿಸಿದರು.

"ಪ್ರತಿ ಕಲ್ಲೂ ಮೂರು ಕಡೆ ತಾಗಬೇಕು. ಎರಡು ಕಡೆ ತಾಗಿದರೆ ಅಲುಗಾಡುತ್ತದೆ. ಒತ್ತಿ ನೋಡಿ," ಎಂದ ಲೆಸ್ಟರ್.

ಒಂದೊಂದು ಕಲ್ಲನ್ನೂ ತಿರುಗಿಸಿ, ಕೂರಿಸಿ, ಬೆರಳಿನಿಂದ ಒತ್ತಿ ನೋಡಿದಳು. ಕೊನೆಗೆ ಸುತ್ತಲೂ ಮರಳು ಸುರಿದರು. ಗೋಬಿ ಮೀನು ಮತ್ತೆ ತೋಡಿತು. ಗಾಜು ಸಿಕ್ಕಿತು, ಸುಮ್ಮನಾಯಿತು. ಕಮಾನು ಕದಲಲಿಲ್ಲ!

"ನಿಂತಿತು! ಲೆಸ್ಟರ್, ನಿಂತಿತು!" ಮಗುವಿನ ಹಾಗೆ ಕುಣಿದಳು.

ಮರುದಿನ ಮಕ್ಕಳು ಗಾಜಿಗೆ ಮೂಗೊತ್ತಿ ನಿಂತವರು ಕುರ್ಚಿಗೆ ಬರಲೇ ಒಪ್ಪಲಿಲ್ಲ. ಅದನ್ನು ನೋಡಿ ಇನ್ನೆರಡು ಕಡೆಯಿಂದ ಡಿಂಪಲ್‌ಗೆ ಕರೆ ಬಂತು.

ಪ್ರತಿ ಶನಿವಾರ ಅವಳು ಟ್ಯಾಂಕ್ ಶುಚಿಮಾಡಲು ಬರುತ್ತಿದ್ದಳು. ಪ್ರತಿ ಶನಿವಾರ ಲೆಸ್ಟರ್‌ಗೂ ಅಲ್ಲೇ ಏನೋ ಕೆಲಸ. ಒಮ್ಮೆ ಕೌಂಟರಿನ ಅಂಚು, ಒಮ್ಮೆ ಹೊಸ್ತಿಲು...

"ಲೆಸ್ಟರ್, ಕೌಂಟರ್ ಮುಗಿದು ಮೂರು ತಿಂಗಳಾಯಿತಲ್ಲ?" ಡಾಕ್ಟರ್ ಒಲಿಂಡಾ ಕಣ್ಣು ಮಿಟುಕಿಸಿ ಒಳಗೆ ಹೋದರು.

ಡಿಂಪಲ್ ಸ್ಪಂಜು ಕೆಳಗಿಟ್ಟಳು. "ಹೇಳಿ. ಎಂತಕ್ಕೆ ಬರುವುದು?"

ಅವನ ಕಿವಿ ಕೆಂಪಾಯಿತು. "ಮೂರು ಕಡೆ ತಾಗಬೇಕು ಅಂದಿದ್ದೆನಲ್ಲ... ಒಂದು, ನನ್ನ ಮನಸ್ಸು. ಅದು ಆವತ್ತೇ, ನೀವು ಬೈದಾಗಲೇ ಕೂತಿತು. ಎರಡು, ನಮ್ಮ ಅಮ್ಮ. ನಿನ್ನೆ ಹೇಳಿದೆ. ಬೈಯುವ ಹುಡುಗಿಯಾ, ಬೇಗ ಕರೆದುಕೊಂಡು ಬಾ ಅಂದರು!"

"ಮೂರನೆಯದು?"

"ಅದು... ನಿಮ್ಮ ಹತ್ತಿರ ಉಂಟು."

ಡಿಂಪಲ್ ಉಪ್ಪುನೀರು ತೊಟ್ಟಿಕ್ಕುವ ಬೆರಳನ್ನು ಚಾಚಿ, ಅವನ ಎದೆಯ ಮೇಲಿಟ್ಟು ಮೆಲ್ಲಗೆ ಒತ್ತಿದಳು.

"ಎಂತ ನೋಡುವುದು?" ಎಂದ ಅವನು.

"ಅಲುಗಾಡುತ್ತದಾ ಅಂತ."

"ಅಲುಗಾಡುತ್ತದಾ?"

"ಇಲ್ಲ..." ಅವಳ ಕಣ್ಣು ತುಂಬಿ ಬಂತು. "ಇನ್ನು ಅಲುಗಾಡುವುದಿಲ್ಲ."