ಎಡಗಡೆಯ ಜಡೆ

ಡೆಟ್ರಾಯಿಟ್‌ನ ನಮ್ಮ ಬೀದಿಯನ್ನು ಹೆದ್ದಾರಿಗೆಂದು ಕೆಡವಿದ ವರ್ಷದ ಮಾತು. ಪಕ್ಕದ ಮನೆಯ ಓಜೆಲ್ಲಾ ಅಜ್ಜಿ ಜಗಲಿಯಲ್ಲಿ ಕೂತು ಬೀದಿಯ ಹೆಣ್ಣುಮಕ್ಕಳಿಗೆಲ್ಲ ಜಡೆ ಹೆಣೆಯುತ್ತಿದ್ದರು. ನೀಲಿ ದಾರವನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ತುದಿಗೆ ಬಿಗಿಯುವುದು ಅವರ ರೂಢಿ. ಸರ್ಕಾರ ಕಟ್ಟಿಸಿದ ಎತ್ತರದ ಕಟ್ಟಡಕ್ಕೆ ಮನೆ ಬದಲಿಸಿ ತಿಂಗಳಾಗುವುದರೊಳಗೆ ಅವರು ತೀರಿಕೊಂಡರು. ಅವರ ಮನೆ ನೆಲಸಮವಾಗಿ ಕಲ್ಲಿನ ಮೂರು ಮೆಟ್ಟಿಲು ಮಾತ್ರ ಉಳಿದವು. ಅವುಗಳಾಚೆ ರಸ್ತೆಗಾಗಿ ತೋಡಿದ ಆಳವಾದ ಹಳ್ಳ. ನಮ್ಮ ಮನೆಯ ಸರದಿ ಇನ್ನೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕುವಷ್ಟರಲ್ಲಿ ನನ್ನ ನಾಲ್ಕು ವರ್ಷದ ಲೂರೀನ್ ಕಾಣೆಯಾದಳು. ಎದ್ದುಬಿದ್ದು ಓಡಿದೆ. ಆ ಮೆಟ್ಟಿಲ ಮೇಲೆ, ಹಳ್ಳಕ್ಕೆ ಬೆನ್ನುಹಾಕಿ ಕೂತಿದ್ದಳು. ಬೆಳಿಗ್ಗೆ ಕೆದರಿದ್ದ ತಲೆಯ ಎಡಗಡೆಗೆ ಬಿಗಿಯಾದ ಜಡೆ.

"ಅಯ್ಯೋ ಕಂದಾ, ಯಾರೇ ಹಾಕಿದ್ದು?"

"ಓಜೆಲ್ಲಾ ಅಜ್ಜಿ. ಅಲುಗಾಡ್ಬೇಡ್ವೇ ಕೋತಿ ಅಂತ ಬೈತು. ಇನ್ನೊಂದ್ ಕಡೆಗೆ ನಾಳೆ ಹಾಕತ್ತಂತೆ."

ಉರಿಬಿಸಿಲಲ್ಲೂ ಕಲ್ಲು ತಣ್ಣಗಿತ್ತು. ನೀಲಿ ದಾರದ ಗಂಟು ಒದ್ದೆಯಾಗಿತ್ತು.

ಅಂದೇ ಮಗುವನ್ನೆತ್ತಿಕೊಂಡು ಊರಾಚೆಯ ಅಕ್ಕನ ಮನೆಗೆ ಹೋದೆ. ಮರುದಿನ ಮೆಟ್ಟಿಲುಗಳನ್ನೂ ಕಿತ್ತು ಲಾರಿಗೆ ತುಂಬಿದರಂತೆ. ಆ ಮಧ್ಯಾಹ್ನ, ಬಲಗಡೆಯ ಕೂದಲು ಇನ್ನೂ ಕೆದರಿಕೊಂಡೇ ಇದ್ದ ಲೂರೀನಳನ್ನು ಅಕ್ಕನ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಒಲೆಯ ಮೇಲಿದ್ದ ಬೀನ್ಸ್ ಕಲಕಲು ತಿರುಗಿದೆ. ಮತ್ತೆ ನೋಡಿದಾಗ ಅವಳು ತಲೆ ವಾಲಿಸಿ, ಒಂದಿಷ್ಟೂ ಅಲುಗಾಡದೆ ಕೂತಿದ್ದಳು.

ಬಲಗಡೆಯ ಜಡೆಯ ಗಂಟನ್ನು ಮುಟ್ಟಿದೆ. ಅದಿನ್ನೂ ಒದ್ದೆಯಾಗಿತ್ತು.