ಹೊಸ್ತಿಲಲ್ಲಿ ಕಡಲಾಮೆ

"ಹೊಸ್ತಿಲು ದಾಟಬ್ಯಾಡ್ರೀ!"

ಅಜ್ಜಿ ಅನ್ನಪೂರ್ಣಮ್ಮ ಕಿರುಚಿದ ರಭಸಕ್ಕೆ ಮೊಮ್ಮಗಳು ಶಾಂತಲಾ ಬಾಗಿಲಿಗೆ ಓಡಿಬಂದಳು. ಬಾಗಿಲಲ್ಲಿ ಸಿದ್ದಲಿಂಗೇಶ್. ಅವನ ಒಂದು ಕಾಲು ಆಗಲೇ ಒಳಗಿತ್ತು. ಕೈಯಲ್ಲಿ ಮಣ್ಣಿನ ಕಡಲಾಮೆ!

ಇಬ್ಬರೂ ನಲ್ಲೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವರು. ನಾಳೆ ಚನ್ನಗಿರಿಯ ವಸ್ತುಪ್ರದರ್ಶನದಲ್ಲಿ ಒಂದು ಪ್ರಾಣಿಯನ್ನೂ ಒಂದು ಗಿಡವನ್ನೂ ಹೋಲಿಸಿ ಹೇಳಬೇಕು. ಅವನದು ಕಡಲಾಮೆ. ಅವಳದು ಕುದುರೆಬಾಲ ಎಂಬ ಗೆಣ್ಣುಗೆಣ್ಣಿನ ಬೋಳು ಗಿಡ. ಬಿಳಿಚೋಡು ಊರಿನ ಈ ಹುಡುಗನಿಗೆ ಅವಳ ಮನೆಗೆ ಬರಲು ಅಭ್ಯಾಸ ಬರೀ ನೆಪ. ಅವಳಿಗೂ ಅಷ್ಟೇ, ಬಿಡಿ!

ಆಮೆ ಒಳಗೆ ಬಂದರೆ ಮನೆಗೆ ಕೇಡು ಎಂಬುದು ಅಜ್ಜಿಯ ನಂಬಿಕೆ.

"ಇದು ಮಣ್ಣಿಂದು ಅಜ್ಜಿ..." ಎಂದು ಅವನು ಹೇಳುವಷ್ಟರಲ್ಲಿ ಅಜ್ಜಿ ಕುಸಿದುಬಿದ್ದರು.

ಆಸ್ಪತ್ರೆಯ ಬೆಂಚಿನ ಮೇಲೆ ಶಾಂತಲಾ ಕುಳಿತಿದ್ದಳು. 'ಮಕ್ಕಳಿಗೆ ವಿಜ್ಞಾನ ಕಲಿಸ್ತೀನಿ. ಆದ್ರೂ... ಅಜ್ಜಿ ಹೇಳಿದ್ದೇ ನಿಜ ಆಗಿಬಿಟ್ರೆ?'

ಅವನು ಔಷಧಿ ತಂದು ಕೊಟ್ಟ.

"ನೀವು ಹೋಗ್ರಿ ಸರ್. ಮತ್ತೆ ನಮ್ಮನಿಗೆ ಬರಬ್ಯಾಡ್ರಿ!"

ಅವನ ಮುಖ ಬಾಡಿತು. ತಾನು ಬೇಡವಾದೆನೆಂದುಕೊಂಡು ಹೊರಟುಹೋದ. ಅವನನ್ನು ಬಯಸಿದ್ದಕ್ಕೆ ಅಜ್ಜಿಯ ಜೀವವೇ ಹೋಗಬಹುದೆಂದು ಅವಳು ಹೆದರಿದ್ದು ಅವನಿಗೆ ತಿಳಿಯುವುದಾದರೂ ಹೇಗೆ?

ಬೆಳಿಗ್ಗೆ ಅಜ್ಜಿ ಕಣ್ಣು ಬಿಟ್ಟರು.

"ನಿನ್ನೆ ಸೋಮವಾರದ ಉಪವಾಸ ಇತ್ತಲ್ಲ... ಬಿಪಿ ಮಾತ್ರೆನೂ ನುಂಗಿರಲಿಲ್ಲ ಕಣೇ."

ಶಾಂತಲಾ ಅತ್ತಳು, ನಕ್ಕಳು, ಚನ್ನಗಿರಿಯ ಬಸ್ಸಿಗೆ ಓಡಿದಳು. 'ಇನ್ನು ನನ್ನ ಮುಖ ನೋಡ್ತಾರಾ?' ದಾರಿಯುದ್ದಕ್ಕೂ ಇದೇ ಭಯ.

ವಸ್ತುಪ್ರದರ್ಶನದಲ್ಲಿ ಅವನು ಒಬ್ಬನೇ ನಿಂತು ಜನರಿಗೆ ವಿವರಿಸುತ್ತಿದ್ದ. "ಕಡಲಾಮೆ ಸಮುದ್ರ ಎಲ್ಲಾ ಸುತ್ತಿ, ಮೊಟ್ಟೆ ಇಡಾಕೆ ಮರಳಿಗೆ ಬರ್ತೈತೆ. ಕುದುರೆಬಾಲ ಇದ್ದಲ್ಲೇ ಇರ್ತೈತೆ. ಇವೆರಡಕ್ಕೂ ಹೋಲಿಕೆ..." ಅಷ್ಟರಲ್ಲಿ ಜನರ ನಡುವೆ ಅವನಿಗೆ ಅವಳು ಕಂಡಳು.

"ಎರಡೂ ಮನುಷ್ಯರಿಗಿಂತ ಹಳೇ ವಂಶ," ಎಂದಳು ಶಾಂತಲಾ. "ಈ ಗಿಡಾನ ಮೇಲೆ ಕಿತ್ತರೆ ಸಾಯಲ್ಲ. ನೆಲದೊಳಗಿಂದ ಮತ್ತೆ ಚಿಗುರ್ತೈತೆ. ನಾನೂ ನಿನ್ನೆ... ಮೇಲಷ್ಟೇ ಕಿತ್ತಿದ್ದು, ಸರ್."

ಜನ ಮುಂದಕ್ಕೆ ಹೋದಮೇಲೆ ಅವಳು ಅಜ್ಜಿಯ ಉಪವಾಸದ, ಬಿಪಿ ಮಾತ್ರೆಯ ಕಥೆ ಹೇಳಿದಳು. ಅವನು ಕಣ್ಣೊರೆಸಿಕೊಂಡ.

"ಅಜ್ಜಿ ನಮ್ಮಿಬ್ರನ್ನ ಒಪ್ತಾರಾ?"

"ಗೊತ್ತಿಲ್ಲ. ಭಯ ಆಗ್ತೈತೆ."

"ನನಗೂ, ಶಾಂತಲಾ." ಮೊದಲ ಸಲ ಮೇಡಂ ಎನ್ನಲಿಲ್ಲ.

ಅವಳು ಅವನ ಕೈ ಹಿಡಿದಳು. "ಹಂಗಾದ್ರೆ ಬರ್ರಿ... ಇಬ್ರೂ ಹೆದರ್ಕೊಂಡೇ ಹೋಗಿ ಕೇಳಾಣ."