ನಲವತ್ತೊಂದನೆಯ ಸಹಿ

ಗುರುವಾರ ಬೆಳಿಗ್ಗೆ ಹತ್ತು ಹದಿನೈದಕ್ಕೆ ಠಾಣೆಗೆ ಬಂದ ದೂರು ಮೂರು ಬಣ್ಣದಲ್ಲಿ ಅಚ್ಚಾಗಿತ್ತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಹರಿದ ಹಾಳೆಯ ದೂರು ಕಂಡಿದ್ದರು, ಸಿಗರೇಟು ಪ್ಯಾಕಿನ ಹಿಂದೆ ಗೀಚಿದ ದೂರು ಕಂಡಿದ್ದರು. ನೆತ್ತಿಯ ಮೇಲೆ ನಗುವ ಮಗುವಿನ ಚಿತ್ರವಿದ್ದ ಕಳ್ಳತನದ ದೂರು ಇದೇ ಮೊದಲು.

ತಂದವನು ಶಾಲೆಯ ಹೆಡ್‌ಮಾಸ್ಟರ್ ಅಲ್ಲ. ಆ ಶಾಲೆಯಲ್ಲಿ ಹೆಡ್‌ಮಾಸ್ಟರ್ ಎಂಬ ಪ್ರಾಣಿಯೇ ಉಳಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಕಂಪನಿ ಶಾಲೆಯನ್ನು ಕಟ್ಟಡ, ಬೆಂಚು, ಮಕ್ಕಳ ಸಮೇತ ಕೊಂಡುಕೊಂಡು, ಮೇಲೊಂದು ಮಹಡಿ ಎಬ್ಬಿಸಿ ಕಾಲೇಜು ತೆರೆದು, ಹೆಡ್‌ಮಾಸ್ಟರನ್ನು ಮನೆಗೆ ಕಳಿಸಿ, ಆ ಕುರ್ಚಿಗೆ ಶಾಖಾ ಮ್ಯಾನೇಜರ್ ಒಬ್ಬನನ್ನು ಕೂರಿಸಿತ್ತು. ಅವನು ಮೊದಲು ಫ್ರಿಜ್ಜು ಮಾರುತ್ತಿದ್ದನಂತೆ. ಯಾರೂ ಕೇಳದೆಯೇ ಅದನ್ನು ಹೆಮ್ಮೆಯಿಂದ ಹೇಳಿಕೊಂಡ.

ದೂರಿನ ಸಾರಾಂಶ ಇಷ್ಟು: ಬುಧವಾರ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ, ರೆಕಾರ್ಡ್ ರೂಮಿನ ಕಬ್ಬಿಣದ ಬೀರುವಿನಿಂದ ನಲವತ್ತೊಂದು ವಿದ್ಯಾರ್ಥಿಗಳ ಮೂಲ ಟಿ.ಸಿ., ಅಂಕಪಟ್ಟಿ, ಜನನ ಪತ್ರಗಳು ಕಳವಾಗಿವೆ. ಆ ಹೊತ್ತಿನಲ್ಲಿ ಸಿಬ್ಬಂದಿಯೆಲ್ಲ ಸಭಾಂಗಣದಲ್ಲಿ ಕೂತು, ಹೆಡ್ ಆಫೀಸಿನ ಯಾರೋ ಪರದೆಯ ಮೇಲೆ ಉತ್ಸಾಹದ ಬಗ್ಗೆ ಮಾತಾಡುವುದನ್ನು ಕೇಳುತ್ತಿದ್ದರು. ಕಳೆದುಹೋದದ್ದು 'ಸಂಸ್ಥೆಯ ಅಮೂಲ್ಯ ಆಸ್ತಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

"ಶನಿವಾರ ನಾಲ್ಕು ಗಂಟೆ ಒಳಗೆ ಸಿಗಬೇಕು ಸರ್," ಎಂದ ಮ್ಯಾನೇಜರ್.

"ಯಾಕೆ, ನಾಲ್ಕಾದ ಮೇಲೆ ಕಾಗದ ಕೊಳೆಯುತ್ತಾ?"

ಅವನು ನಕ್ಕು ವಿವರಿಸಿದ. ಸರ್ಕಾರಿ ನರ್ಸಿಂಗ್ ಕಾಲೇಜು, ತಾಂತ್ರಿಕ ಕಾಲೇಜುಗಳಿಗೆ ಸೇರುವವರು ಮೂಲ ಕಾಗದ ಹಿಡಿದು ಶನಿವಾರ ಹತ್ತರಿಂದ ನಾಲ್ಕರೊಳಗೆ ಕೌಂಟರಿಗೆ ಹೋಗಬೇಕು. ಆ ಒಂದೇ ದಿನ. ತಪ್ಪಿದರೆ ಸೀಟು ಹೋಯಿತು. ಆಮೇಲೆ ಹತ್ತಿರದ ಕಾಲೇಜೆಂದರೆ ಇವರದೇ ಮೇಲಿನ ಮಹಡಿ.

"ಮಕ್ಕಳ ಕಾಗದ ನೀವ್ಯಾಕೆ ಇಟ್ಕೊಂಡಿದ್ರಿ?"

"ಅದು ನಮ್ಮ ರಿಟೆನ್ಷನ್ ಪಾಲಿಸಿ ಸರ್."

"ಬಿಡಿಸಿ ಹೇಳಿ. ನಾವು ಹಳೇ ಕಾಲದೋರು."

"ಕಾಗದ ನಮ್ಮ ಹತ್ರ ಇದ್ರೆ ಹುಡುಗರು ಬೇರೆ ಕಡೆ ಹೋಗಲ್ಲ. ಅಷ್ಟೇ."

ಎಂಥ ಮಾತು! ಮಗುವಿನ ಜನನ ಪತ್ರ ಒತ್ತೆ ಇಟ್ಟುಕೊಂಡು ಕೂತವನು, ಅದನ್ನೇ ಯಾರೋ ಎತ್ತಿಕೊಂಡು ಹೋದರೆಂದು ಪೊಲೀಸರ ಹತ್ತಿರ ಬಂದಿದ್ದಾನೆ; ಮುಖದಲ್ಲಿ ಎಳ್ಳಷ್ಟೂ ಅಳುಕಿಲ್ಲ. ಇನ್‌ಸ್ಪೆಕ್ಟರ್ ಒಂದು ಬಿಳಿ ಹಾಳೆ ಮುಂದಿಟ್ಟು, ಈಗ ಹೇಳಿದಿರಲ್ಲ, ಅದನ್ನೂ ಹಾಗೇ ಬರೆದು ಸಹಿ ಹಾಕಿ, ದೂರು ಗಟ್ಟಿಯಾಗುತ್ತೆ ಎಂದರು. ಮ್ಯಾನೇಜರ್ ಬರೆದ. ಸಹಿಯ ಕೆಳಗೆ ಎರಡು ಗೆರೆಯನ್ನೂ ಎಳೆದ. ಹತ್ತು ಐವತ್ತಕ್ಕೆ ಕಳವಿನ ಎಫ್‌ಐಆರ್ ದಾಖಲಾಯಿತು.

ಹನ್ನೊಂದು ನಲವತ್ತಕ್ಕೆ ಸ್ಥಳ ಪಂಚನಾಮೆ. ಶಾಲೆಯ ವಾಚ್‌ಮನ್, ಬಸ್ಸಿನ ಡ್ರೈವರ್ ಪಂಚರು. ಬರೆದವರು ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕಾಗದಕ್ಕೆ ಇಳಿಸಿಯೇ ಬಿಡುವ ಹೆಂಗಸು. ಕಟ್ಟಡದಲ್ಲಿ ಅರವತ್ನಾಲ್ಕು ಕ್ಯಾಮೆರಾ ಇದ್ದವು. ಅರವತ್ನಾಲ್ಕೂ ಮೇಷ್ಟರ ಮೇಲೆ. ಪಾಠ ಮಾಡುವಾಗ ಯಾರಾದರೂ ಕೂತಾರೆಂದು ತರಗತಿಯ ಕುರ್ಚಿಗಳನ್ನೂ ತೆಗೆಸಿದ್ದರು. ಬಸುರಿ ಟೀಚರೊಬ್ಬರು ಕಿಟಕಿಯ ಕಟ್ಟೆಗೆ ಒರಗಿ ಲೆಕ್ಕ ಹೇಳಿಕೊಡುತ್ತಿದ್ದುದನ್ನು ಇನ್‌ಸ್ಪೆಕ್ಟರ್ ಹೋಗುತ್ತ ಕಂಡರು. ರೆಕಾರ್ಡ್ ರೂಮಿಗೆ ಮಾತ್ರ ಒಂದು ಕ್ಯಾಮೆರಾಕ್ಕೂ ಗತಿಯಿರಲಿಲ್ಲ.

ಬೀರು ಹಳೇ ಶಾಲೆಯದು. ಬೀಗ ಒಡೆದಿಲ್ಲ, ಗೀರು ಬಿದ್ದಿಲ್ಲ, ಇರುವ ಒಂದೇ ಕೀಲಿ ಮ್ಯಾನೇಜರನ ಜೇಬಿನಲ್ಲಿ. ಏನೇನು ಹೋಗಿದೆ ಎಂದು ಕೇಳಿದರೆ ಅವನು ಫೋನು ತಡಕಿದ. ಆಗ ಮುಂದೆ ಬಂದವರು ಕ್ಲಾರ್ಕಮ್ಮ. ಐವತ್ತೇಳರ ಹೆಂಗಸು, ಕಂಪನಿ ಬರುವ ಮೊದಲಿಂದಲೂ ಅದೇ ಮೇಜು. ನಲವತ್ತೊಂದು ಹೆಸರು, ಯಾರ ಕಟ್ಟಿನಲ್ಲಿ ಎಷ್ಟು ಕಾಗದ, ಯಾವುದು ಮಡಿಕೆ ಬಿದ್ದದ್ದು, ಯಾವುದರ ಮೂಲೆ ಹರಿದದ್ದು, ಎಲ್ಲವನ್ನೂ ಮಗ್ಗಿ ಒಪ್ಪಿಸುವ ಹಾಗೆ ಹೇಳಿದರು. ನಲವತ್ತು ಮಕ್ಕಳು ಈ ವರ್ಷ ಪಾಸಾದವರು. ಕೊನೆಯ ಹೆಸರು ಹೋದ ವರ್ಷದ ಒಬ್ಬ ಹುಡುಗಿಯದು. ಮುಗಿದ ಮೇಲೆ ಅಕ್ಕನ ಹೆಗಲ ಮೇಲಿಂದ ಬಗ್ಗಿ, "ಶುರುವಾದ ಟೈಮ್ ಹಾಕಿದೀರಿ, ಮುಗಿದ ಟೈಮ್ ಬಿಟ್ಟಿದೀರಿ," ಎಂದರು. ಅಕ್ಕ ತುಟಿ ಕಚ್ಚಿಕೊಂಡು ಬರೆದಳು. ಇಂಥವರೊಬ್ಬರು ಠಾಣೆಯಲ್ಲಿದ್ದರೆ ಅರ್ಧ ಕೇಸು ಕೋರ್ಟಿನಲ್ಲಿ ಬೀಳುತ್ತಿರಲಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

ಶುಕ್ರವಾರ ಮನೆಮನೆ ವಿಚಾರಣೆ. ಎಲ್ಲಿ ಹೋದರೂ ಬಾಯಿಗೆ ಬೀಗ. ಕಾಗದ ಬಂತಾ? ಇಲ್ಲ. ಯಾರಾದರೂ ಫೋನು ಮಾಡಿದ್ದರಾ? ಇಲ್ಲ. ನಾಳೆ ಕೌಂಟರಿಗೆ ಏನು ಹಿಡಿದು ಹೋಗ್ತೀರಿ? ನೋಡೋಣ ಸರ್, ದೇವರಿದ್ದಾನೆ. ಒಬ್ಬ ಟೈಲರ್ ಅಂತೂ ದೇವರಿದ್ದಾನೆ ಎನ್ನುವಾಗ ನಗು ತಡೆಯಲಾರದೆ ಮಿಷನ್ನಿನ ಕಡೆ ತಿರುಗಿಕೊಂಡ. ಎಲ್ಲರ ಮುಖದಲ್ಲೂ ಹೊಟ್ಟೆ ತುಂಬಿದ ಕಳೆಯಿತ್ತು. ಕಾಗದ ಮನೆ ಸೇರಿದೆ ಎಂಬುದು ಇನ್‌ಸ್ಪೆಕ್ಟರಿಗೆ ಮೂರನೇ ಮನೆಯಲ್ಲೇ ಗೊತ್ತಾಯಿತು. ಕೊಟ್ಟವರ ಸುಳಿವು ಸಿಕ್ಕಿದ್ದು ಐದನೇ ಮನೆಯಲ್ಲಿ.

ಅಲ್ಲಿ ಬಾಗಿಲು ತೆಗೆದದ್ದು ಒಬ್ಬ ಅಜ್ಜಿ. ಮಗ, ಸೊಸೆ ಇಬ್ಬರೂ ಇಲ್ಲ, ಮೊಮ್ಮಗಳನ್ನು ಸಾಕಿದವಳು ಇವಳೇ. ಬಾಗಿಲು ಹಿಡಿದ ಎಡಗೈ ಹೆಬ್ಬೆರಳಿನಲ್ಲಿ ನೇರಳೆ ಕಲೆ.

"ಎಲ್ಲಿ ಹೆಬ್ಬೆಟ್ಟು ಒತ್ತಿದ್ರಿ ಅಜ್ಜಿ?"

ಅಜ್ಜಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅದು ಹಣ್ಣಿನ ಕಲೆ ಎಂದಳು. ಯಾವ ಹಣ್ಣು ಎಂದರೆ ನೆನಪಿಲ್ಲ ಎಂದಳು. ಇನ್‌ಸ್ಪೆಕ್ಟರ್ ಮತ್ತೆ ಕೇಳದೆ, ನೀರು ಕುಡಿದು ಹೊರಬಂದರು.

ಕದ್ದ ಮಾಲು ಹಂಚುವಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಳ್ಳ ಈ ಭೂಮಿಯ ಮೇಲೆ ಇದ್ದಾನೆಯೇ? ಠಾಣೆಗೆ ಬಂದು ಪಂಚನಾಮೆ ತೆಗೆದು ಓದಿದರು. ಕಂಪನಿಯದು ಎಲ್ಲ ಮಿಷನ್ನು, ವಾಚ್‌ಮನ್ ಕೂಡ ಬೆರಳಿಟ್ಟೇ ಒಳಗೆ ಹೋಗಬೇಕು; ಶಾಯಿಗೆ ಅಲ್ಲಿ ಕೆಲಸವಿಲ್ಲ. ಆದರೆ ಅಕ್ಕನ ದುಂಡು ಅಕ್ಷರದಲ್ಲಿ ಒಂದು ಸಾಲಿತ್ತು: ಕ್ಲಾರ್ಕ್ ಮೇಜಿನ ಮೇಲೆ ನೇರಳೆ ಶಾಯಿಯ ಸ್ಟಾಂಪ್ ಪ್ಯಾಡ್ ಒಂದು. ಅಕ್ಕನೂ ಬಗ್ಗಿ ಓದಿದಳು.

"ಜೀಪು ತೆಗೆಸ್ಲಾ ಸರ್?"

"ಇವತ್ತು ಮಂಡಿ ನೋವು ಕಣಮ್ಮ. ನಾಳೆ ಮಧ್ಯಾಹ್ನ ನೋಡೋಣ."

ಸಾಹೇಬರಿಗೆ ಮಂಡಿ ನೋವಿರುವುದು ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಪೊಲೀಸರು ಜಪ್ತಿ ಮಾಡಿದ ಕಾಗದಕ್ಕೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದು ಮುದ್ದೆಮಾಲು ಆಗುತ್ತದೆ, ಚೀಟಿ ಅಂಟಿಸಿಕೊಂಡು ಕೋರ್ಟಿನ ಕೋಣೆ ಸೇರುತ್ತದೆ, ಹೊರಗೆ ಬರುವ ಹೊತ್ತಿಗೆ ನರ್ಸ್ ಆಗಬೇಕಾದವಳಿಗೆ ಮದುವೆಯಾಗಿ ಮಗುವಾಗಿರುತ್ತದೆ. ಮ್ಯಾನೇಜರ್ ಅವತ್ತು ಹನ್ನೊಂದು ಸಲ ಫೋನು ಮಾಡಿದ. ತನಿಖೆ ಪ್ರಗತಿಯಲ್ಲಿದೆ ಎಂದು ಅಕ್ಕ ಹನ್ನೊಂದು ಸಲವೂ ಹೇಳಿದಳು.

ಶನಿವಾರ ಒಂದು ಮೂವತ್ತೈದು. ಶಾಲೆಗೆ ಅರ್ಧ ದಿನ. ಕ್ಲಾರ್ಕಮ್ಮ ಮೇಜಿನ ಡ್ರಾಯರಿಗೆ ಬೀಗ ಹಾಕುತ್ತಿದ್ದರು. ಇನ್‌ಸ್ಪೆಕ್ಟರನ್ನೂ ಅಕ್ಕನನ್ನೂ ಕಂಡು ಗಾಬರಿಯಾಗಲಿಲ್ಲ; ಕೈಚೀಲದಿಂದ ಉದ್ದನೆಯ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಗುರುವಾರವೇ ಬರ್ತೀರಿ ಅಂದ್ಕೊಂಡಿದ್ದೆ."

ಸ್ಕೇಲು ಹಿಡಿದು ಗೆರೆ ಎಳೆದ ರಿಜಿಸ್ಟರ್. ಕ್ರಮಸಂಖ್ಯೆ, ಹೆಸರು, ಕೊಟ್ಟ ಕಾಗದಗಳ ವಿವರ, ದಿನಾಂಕ, ಪಡೆದವರ ಸಹಿ. ಬುಧವಾರ ಸಂಜೆ ಐದರಿಂದ, ತಮ್ಮ ಮನೆಯ ಹತ್ತಿರದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಸಾಲು ನಿಲ್ಲಿಸಿ ಹಂಚಿದ್ದರು. ಬೀರು ತೆಗೆದದ್ದು ಹೇಗೆ ಎಂದು ಕೇಳಿದಾಗ ಎದ್ದು ಹೋಗಿ, ಹಿಡಿಯನ್ನು ಮೇಲಕ್ಕೆತ್ತಿ ಬಾಗಿಲ ಕೆಳಗೆ ಮಂಡಿಯಿಂದ ಒಂದು ಗುದ್ದು ಕೊಟ್ಟರು. ಬೀರು ಬಾಯಿ ಬಿಟ್ಟಿತು. ಇಪ್ಪತ್ತು ವರ್ಷದಿಂದ ಅದು ಹೀಗೇ, ಹೊಸಬರು ಯಾರೂ ಕೇಳಲಿಲ್ಲ ಎಂದರು.

"ಈ ಪುಸ್ತಕ ಇಲ್ದಿದ್ರೆ ನನ್ನ ಹತ್ರ ಕೇಸೇ ಇಲ್ಲ, ಗೊತ್ತಾ ಅಮ್ಮ?" ಎಂದರು ಇನ್‌ಸ್ಪೆಕ್ಟರ್. ಧ್ವನಿ ತಗ್ಗಿತ್ತು. "ಸುಟ್ಟು ಹಾಕಿದ್ರೆ ಆಗ್ತಿತ್ತು."

ಕ್ಲಾರ್ಕಮ್ಮನಿಗೆ ನಿಜಕ್ಕೂ ಸಿಟ್ಟು ಬಂತು. "ಸಹಿ ಇಲ್ದೆ ಮೂಲ ಕಾಗದ ಕೊಡೋದಾ? ನಾಳೆ ಯಾವುದೋ ಮಗುದು ಸಿಕ್ಕಿಲ್ಲ ಅಂದ್ರೆ ಯಾರು ಹೊಣೆ?"

ಇನ್‌ಸ್ಪೆಕ್ಟರ್ ಹಾಳೆ ತಿರುಗಿಸುತ್ತ ಕೊನೆಗೆ ಬಂದರು. ನಲವತ್ತು ಸಾಲು ತುಂಬಿತ್ತು. ನಲವತ್ತೊಂದನೆಯದರಲ್ಲಿ ಸಹಿಯ ಜಾಗ ಖಾಲಿ.

"ಇದು?"

ಕ್ಲಾರ್ಕಮ್ಮ ಕೈಚೀಲವನ್ನು ಎದೆಗೆ ಅವುಚಿಕೊಂಡರು. ಈ ಹುಡುಗಿಗೆ ಹೋದ ವರ್ಷವೇ ನರ್ಸಿಂಗ್ ಸೀಟು ಸಿಕ್ಕಿತ್ತು. ಒಂಬತ್ತು ದಿನ ಬಂದು ಕಿಟಕಿಯ ಹತ್ತಿರ ನಿಂತಿದ್ದಳು. ಮ್ಯಾನೇಜರ್ ಕಾಗದ ಕೊಡಿಸಲಿಲ್ಲ. ಮೇಲಿನ ಮಹಡಿಗೆ ಸೇರುವ ಶಕ್ತಿ ಅವಳ ಮನೆಗಿರಲಿಲ್ಲ. ಈಗ ಮುಂದಿನ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಲೇಬಲ್ ಅಂಟಿಸುತ್ತಾಳೆ. ಈ ಸಲವೂ ಪರೀಕ್ಷೆ ಬರೆದು ಸೀಟು ತೆಗೆದಿದ್ದಾಳೆ. ಬುಧವಾರ ಈ ಹುಡುಗಿಗೆ ಮಾತ್ರ ಫೋನು ಮಾಡಲು ಕ್ಲಾರ್ಕಮ್ಮನ ಬೆರಳು ಏಳಲಿಲ್ಲ. ಮೂರು ದಿನ ಅಂಗಡಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದರು.

"ಅವಳ ಮುಂದೆ ನಿಲ್ಲೋ ಮುಖ ನನಗಿಲ್ಲ ಸಾರ್."

ಗಡಿಯಾರ ಒಂದು ಐವತ್ತು ತೋರಿಸುತ್ತಿತ್ತು. ಕೈಚೀಲ ತೆರೆಸಿದರೆ ಒಳಗಿರುವ ಹುಡುಗಿಯ ಕಾಗದ ಮುದ್ದೆಮಾಲು. ಕಾನೂನು ಗೊತ್ತಿದ್ದ ಅಕ್ಕ ಸೂರು ನೋಡುತ್ತ ನಿಂತಳು. ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು.

"ಬನ್ನಿ. ಸಹಿ ಬಾಕಿ ಇಟ್ಕೊಂಡು ಜೈಲಿಗೆ ಹೋಗಬಾರದು."

ಅಂಗಡಿಯ ಹಿಂಬದಿಯ ಕೋಣೆ. ಹುಡುಗಿ ನೆಲದ ಮೇಲೆ ಅಂಗಿಗಳ ರಾಶಿಯ ನಡುವೆ ಕೂತಿದ್ದಳು. ಪೊಲೀಸರನ್ನು ಕಂಡು ಎದ್ದು ನಿಂತಳು. ಕ್ಲಾರ್ಕಮ್ಮ ಕಟ್ಟು ಮುಂದೆ ಹಿಡಿದರು.

"ನಿನ್ನ ಸೇರಿಸ್ಕೊಳ್ಳುವಾಗ ನಾನೇ ಇಸ್ಕೊಂಡು, ಎರಡು ದಿನದಲ್ಲಿ ವಾಪಸ್ ಕೊಡ್ತೀನಿ ಅಂದಿದ್ದೆ ಮಗಳೇ. ಮೂರು ವರ್ಷ ಆಯ್ತು. ಎಣಿಸ್ಕೋ."

ಹುಡುಗಿ ಎಣಿಸಲಿಲ್ಲ. ಕ್ಲಾರ್ಕಮ್ಮನೇ ಒಂದೊಂದನ್ನೂ ಮುಟ್ಟಿ ತೋರಿಸಿ ಎಣಿಸಿದರು, ಆಮೇಲೆ ಪೆನ್ನು ಕೊಟ್ಟರು. ಎರಡು ಹದಿನೆಂಟಕ್ಕೆ ನಲವತ್ತೊಂದನೆಯ ಸಹಿ ಬಿತ್ತು. ಬೆರಳಿಗೆ ಲೇಬಲ್ಲಿನ ಅಂಟು ಮೆತ್ತಿದ್ದರಿಂದ ಸಹಿಯ ಪಕ್ಕ ಒಂದು ಕಲೆಯೂ ಆಯಿತು. ಅಕ್ಕ ಅವಳನ್ನು ಜೀಪು ಹತ್ತಿಸಿಕೊಂಡು ಕೌಂಟರಿನ ಕಡೆ ಹೊರಟಳು. ಎರಡು ಇಪ್ಪತ್ತೈದಕ್ಕೆ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ಇನ್‌ಸ್ಪೆಕ್ಟರ್ ಆರೋಪಿಯನ್ನು ಬಂಧಿಸಿದರು. ಜೀಪು ಹೋಗಿತ್ತಲ್ಲ, ಇಬ್ಬರೂ ಠಾಣೆಗೆ ನಡೆದೇ ಹೋದರು. ಮಂಡಿ ನೋವಿನ ಸುದ್ದಿ ಯಾರೂ ಎತ್ತಲಿಲ್ಲ.

ಆರೋಪಿಯ ಕೈಚೀಲದಿಂದ ಜಪ್ತಿಯಾದದ್ದು: ರಿಜಿಸ್ಟರ್ ಒಂದು, ಸ್ಟಾಂಪ್ ಪ್ಯಾಡ್ ಒಂದು, ನೀಲಿ ಪೆನ್ನು ಒಂದು, ಖಾಲಿ ಊಟದ ಡಬ್ಬಿ ಒಂದು. ಮೂರು ಇಪ್ಪತ್ತಕ್ಕೆ ಅಕ್ಕ ಫೋನು ಮಾಡಿ, ಸೀಟಿನ ರಸೀದಿ ಹುಡುಗಿಯ ಕೈಗೆ ಬಂತು ಎಂದಳು.

ನಾಲ್ಕೂವರೆಗೆ ಮ್ಯಾನೇಜರ್ ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೆ ನುಗ್ಗಿ, ಕಂಪನಿಯ ಆಸ್ತಿ ಎಲ್ಲಿ ಎಂದ. ಸರ್ಕಾರಿ ಕಾಲೇಜಿನ ಕೌಂಟರಿನಲ್ಲಿದೆ, ಹೋಗಿ ಕೇಳಿ ಎಂದರು ಇನ್‌ಸ್ಪೆಕ್ಟರ್. ಅವನು ಹೆಡ್ ಆಫೀಸಿಗೆ ಫೋನು ಹಚ್ಚುವಷ್ಟರಲ್ಲಿ ಐದನೇ ಮನೆಯ ಅಜ್ಜಿ ಬಂದಳು, ಹಿಂದೆ ಆ ಟೈಲರ್, ಅವನ ಹಿಂದೆ ಇನ್ನೂ ಹತ್ತು ಜನ. ಅಜ್ಜಿಯ ದೂರು ಎರಡೇ ಸಾಲು: ಮೊಮ್ಮಗಳ ಮೂಲ ಕಾಗದಗಳನ್ನು ಕೇಳಿದರೂ ಕೊಡದೆ ಕಂಪನಿಯವರು ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಇಟ್ಟುಕೊಂಡಿದ್ದಕ್ಕೆ ಸಾಕ್ಷಿ? ಸಾಲುಸಾಲಾಗಿ ರಿಜಿಸ್ಟರಿನಲ್ಲಿದೆ. ಯಾಕೆ ಇಟ್ಟುಕೊಂಡಿದ್ದರು? ಅದು ಮ್ಯಾನೇಜರನದೇ ಕೈಬರಹದಲ್ಲಿ, ಕೆಳಗೆ ಎರಡು ಗೆರೆ ಎಳೆದು.

"ಸರ್, ಆ ಪಾಲಿಸಿ ಹಾಳೆ ಒಂದು ವಾಪಸ್ ಕೊಟ್ಬಿಡಿ," ಎಂದ ಅವನು. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

"ಮೂಲ ಕಾಗದ. ಕೊಡೋಕೆ ಬರಲ್ಲ."

ಅಜ್ಜಿಯ ಹೆಬ್ಬೆರಳಿನಲ್ಲಿ ಹಳೇ ಶಾಯಿ ಇನ್ನೂ ಮಾಸಿರಲಿಲ್ಲ. ಅದರ ಮೇಲೆಯೇ ಠಾಣೆಯ ಶಾಯಿ ಬಳಿದು ಒತ್ತಿಸಿಕೊಂಡರು. ಎರಡನೇ ಎಫ್‌ಐಆರ್, ಐದು ಹತ್ತು.

ಕ್ಲಾರ್ಕಮ್ಮನ ಹೇಳಿಕೆ ಕೊನೆಗೆ ಬರೆದುಕೊಂಡದ್ದು. ಕದ್ದದ್ದು ಹೌದು, ಯಾರ ಪ್ರಚೋದನೆಯೂ ಇಲ್ಲ ಎಂದರು. ಒಂದು ವರ್ಷ ಸುಮ್ಮನಿದ್ದವರು ಈಗ ಯಾಕೆ ಕೈ ಹಾಕಿದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬಸ್ಸಿಳಿದು ಶಾಲೆಗೆ ಬರಲು ಆ ಬಟ್ಟೆ ಅಂಗಡಿಯ ಮುಂದೆಯೇ ಹಾಯಬೇಕು ಎಂದರು ಆಕೆ. ಒಂಬತ್ತಕ್ಕೆ ಆ ಹುಡುಗಿ ಅಂಗಡಿಯ ಶಟರ್ ಎತ್ತುತ್ತಿರುತ್ತಾಳೆ.

"ದಿನಾ ಗುಡ್ ಮಾರ್ನಿಂಗ್ ಮಿಸ್ ಅಂತಾಳೆ ಸಾರ್. ವರ್ಷ ಪೂರ್ತಿ, ಒಂದು ದಿನಾನೂ ಬಿಡದೆ. ಒಂದು ಸಲ ಬೈದುಬಿಟ್ಟಿದ್ರೆ ನಾನು ಹೇಗೋ ತಡ್ಕೊಂಡಿರ್ತಿದ್ದೆ."

ಇನ್‌ಸ್ಪೆಕ್ಟರ್ ಅದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಕ್ಲಾರ್ಕಮ್ಮ ಹೇಳಿಕೆಯನ್ನು ಎರಡು ಸಲ ಓದಿ, ಮುಗಿದ ಟೈಮ್ ತುಂಬಲು ಹೇಳಿ, ತಮ್ಮ ಸಹಿ ಹಾಕಿದರು.